ಖಾಲಿ ತಟ್ಟೆ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಗೆ ನಾಯಿ ಬಂದದ್ದು ಮಾವನವರ ಹಟದಿಂದ. ಕಲ್ಯಾಣ ಸ್ಟೇಷನ್ನಿನ ಹತ್ತಿರ ಅವರದೊಂದು ಉಡುಪಿ ಹೋಟೆಲ್ ಇತ್ತು. ಆಯುಷ್ಯದ ಮುಕ್ಕಾಲು ಪಾಲನ್ನು ಅಲ್ಲೇ ಸವೆಸಿ, ಮೊಣಕಾಲು ಕೈಕೊಟ್ಟ ಮೇಲೆ ಅದನ್ನು ಬೇರೆಯವರಿಗೆ ನಡೆಸಲು ಬಿಟ್ಟುಕೊಟ್ಟರು. ಕೀಲಿ ಒಪ್ಪಿಸಿದ ದಿನ ಗಲ್ಲಾದ ಮೇಲಿದ್ದ ದೇವರ ಪಟ ಮನೆಗೆ ತಂದರು. ಜತೆಗೆ ಹೋಟೆಲಿನ ಹಿಂಬಾಗಿಲಲ್ಲಿ ಇಡ್ಲಿ ತಿಂದು ಬೆಳೆದ ಒಂದು ಕಂದು ಬಣ್ಣದ ಬೀದಿನಾಯಿಯನ್ನೂ ತಂದರು. ಪಟಕ್ಕೆ ಗೋಡೆಯ ಮೇಲೆ ಕೂಡಲೇ ಜಾಗ ಸಿಕ್ಕಿತು. ನಾಯಿಗೆ ಜಾಗ ಸಿಗಲು ಒಂದು ವಾರ ಜಗಳವಾಯಿತು.

ಅತ್ತೆ ಮಡಿ ಮೈಲಿಗೆ ನೋಡುವವರು. ಮಾವನವರನ್ನು ಎದುರಿಗೆ ನಿಲ್ಲಿಸಿಕೊಂಡು ತುಳುವಿನಲ್ಲಿ ಏನೇನೋ ಹೇಳಿದರು. ನಾನು ವಿಜಯಪುರದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರ ಮಗಳು, ನನಗೆ ತುಳು ಅಷ್ಟಕ್ಕಷ್ಟೆ. ಆದರೂ ಅವರು ಹೊಗಳುತ್ತಿಲ್ಲ ಎಂಬುದು ಅರ್ಥವಾಯಿತು. ಕೊನೆಗೆ, ಅಡುಗೆಮನೆಯ ಹೊಸಿಲು ದಾಟಕೂಡದು ಎಂಬ ಕರಾರಿನ ಮೇಲೆ ನಾಯಿ ಉಳಿಯಿತು. ಅದು ಒಂದು ದಿನವೂ ದಾಟಲಿಲ್ಲ. ಹೋಟೆಲಿನಲ್ಲಿ ಬೆಳೆದದ್ದಲ್ಲವೇ, ಎಲ್ಲಿ ನಿಲ್ಲಬೇಕು ಎಂಬುದು ಅದಕ್ಕೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ನಾನಾಗ ತುಂಬಿದ ಬಸುರಿ. ಕೆಲವೇ ವಾರಗಳಲ್ಲಿ ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಅವಳನ್ನು ತಂದು ನಡುಮನೆಯಲ್ಲಿ ಮಲಗಿಸಿದಾಗ ನಾಯಿ ದೂರದಲ್ಲೇ ಕೂತು ಮೂಗು ಮಾತ್ರ ಮುಂದೆ ಚಾಚಿತು. ಆಮೇಲೆ ತೊಟ್ಟಿಲ ಕೆಳಗಿನ ಜಾಗ ಅದರದ್ದಾಯಿತು. ಕೂಸು ಅತ್ತರೆ ಅದು ಅಡುಗೆಮನೆಯ ಹೊಸಿಲ ತನಕ ಬಂದು ನಿಂತು ಅತ್ತೆಯ ಮುಖ ನೋಡುತ್ತಿತ್ತು. ಅವರು ಬೈಯುತ್ತಲೇ ಕೈ ಒರೆಸಿಕೊಂಡು ಹೊರಗೆ ಬರುತ್ತಿದ್ದರು. ಮಗಳು ಮೊದಲ ಸಲ ಎದ್ದು ನಿಂತದ್ದು ಸೋಫಾ ಹಿಡಿದುಕೊಂಡಲ್ಲ, ನಾಯಿಯ ಬೆನ್ನಿನ ಚರ್ಮ ಹಿಡಿದುಕೊಂಡು. ಅದಕ್ಕೆ ನೋವಾಗಿರಬೇಕು, ಆದರೆ ಅಲುಗಾಡದೆ ನಿಂತಿತ್ತು. ಈಗ ಮಗಳು ಶಾಲೆಯ ಬಸ್ಸಿಗೆ ತಾನೇ ಓಡುತ್ತಾಳೆ. ಆ ಮಧ್ಯಾಹ್ನಗಳು ನೆನಪಾದರೆ, ಸೊಳ್ಳೆಪರದೆಯ ಒಳಗೆ ಕೂಸು, ಹೊರಗೆ ನಾಯಿ, ಎರಡೂ ಒಂದೇ ತೆರನಾಗಿ ಬಾಯಿ ತೆರೆದು ಮಲಗಿದ್ದು ಕಣ್ಣಿಗೆ ಕಟ್ಟುತ್ತದೆ. ಅದನ್ನು ಇನ್ನಷ್ಟು ಹೊತ್ತು ನೋಡಬೇಕಾಗಿತ್ತು ಎನಿಸುತ್ತದೆ.

ನೋಡಲು ಪುರುಸೊತ್ತು ಎಲ್ಲಿತ್ತು? ರಜೆ ಮುಗಿಯುತ್ತಲೇ ಠಾಣೆಯ ಆಫೀಸಿಗೆ ಹೊರಟೆ. ಮಗಳು ಏಳುವ ಮೊದಲೇ ಲೋಕಲ್ ರೈಲು ಹಿಡಿಯಬೇಕು. ಸಂಜೆ ದಿವಾ ಸ್ಟೇಷನ್ ದಾಟುವ ತನಕ ನಿಂತೇ ಬಂದು, ಮನೆ ಮುಟ್ಟುವಾಗ ದೇವರ ದೀಪ ಹಚ್ಚಿ ಬಹಳ ಹೊತ್ತಾಗಿರುತ್ತಿತ್ತು. ನನ್ನ ಗಂಡನ ಕೆಲಸ ನವಿ ಮುಂಬಯಿಯಲ್ಲಿ, ಅವರದು ಇನ್ನೂ ತಡ. ಹೀಗಾಗಿ ಮಗಳ ಹಗಲೆಲ್ಲ ಅಜ್ಜ, ಅಜ್ಜಿ ಮತ್ತು ನಾಯಿಯ ಪಾಲಿಗೆ ಹೋಯಿತು. ನಾನು ಬಾಗಿಲು ತೆಗೆದು ಒಳಗೆ ಬಂದರೆ ಅವಳು ಒಮ್ಮೆ ನಕ್ಕು ಮತ್ತೆ ನಾಯಿಯ ಕಿವಿ ಎಳೆಯುತ್ತ ಕೂರುತ್ತಿದ್ದಳು. ನಿಜ ಹೇಳುತ್ತೇನೆ, ನನಗೆ ಆ ನಾಯಿಯ ಮೇಲೆ ಹೊಟ್ಟೆಕಿಚ್ಚು ಇತ್ತು.

ಮಗಳಿಗೆ ಊಟ ಮಾಡಿಸುವ ಕೆಲಸ ಮಾವನವರದು. ಅತ್ತೆ ಅನ್ನವನ್ನೋ ದೋಸೆಯನ್ನೋ ತಯಾರು ಮಾಡಿ ಕೊಟ್ಟು ಜಪಕ್ಕೆ ಕೂರುತ್ತಿದ್ದರು. ಮಾವ ಊಟದ ಮೇಜಿನ ಆಚೆ ಬದಿಗೆ ಒಂದು ಪುಟ್ಟ ಮಣೆ ಹಾಕಿ ಅವಳನ್ನು ಕೂರಿಸುತ್ತಿದ್ದರು, ಎದುರಿಗೆ ತಟ್ಟೆ ಇಡುತ್ತಿದ್ದರು. ಆಮೇಲೆ ಈಚೆ ಬಂದು, ಬೆನ್ನು ತಿರುಗಿಸಿ, ಪೇಪರ್ ಬಿಡಿಸುತ್ತಿದ್ದರು. ಇದು ಅವರ ಹೋಟೆಲಿನ ಶಿಸ್ತು. ತಿನ್ನುವ ಗಿರಾಕಿಯ ಮುಖ ನೋಡಬಾರದು, ಅವನಿಗೆ ನಾಚಿಕೆಯಾಗುತ್ತದೆ. ತೊಳೆಯಲು ಬಂದ ತಟ್ಟೆ ನೋಡಿದರೆ ಸಾಕು, ಅಡುಗೆ ರುಚಿಸಿತೋ ಇಲ್ಲವೋ ತಿಳಿಯುತ್ತದೆ ಎಂದು ಅವರು ನನಗೆ ಎಷ್ಟೋ ಸಲ ಹೇಳಿದ್ದರು. ಮಗಳ ತಟ್ಟೆ ಯಾವಾಗಲೂ ಖಾಲಿ. ಒಂದು ಅಗುಳು ಉಳಿಯುತ್ತಿರಲಿಲ್ಲ. ಮಾವ ಅದನ್ನು ಎತ್ತಿ ಅತ್ತೆಗೆ ತೋರಿಸಿ, ಹೋಟೆಲ್ ಮತ್ತೆ ತೆರೆದವರ ಹಾಗೆ ಬೀಗುತ್ತಿದ್ದರು.

ಎರಡು ವರ್ಷ ತುಂಬುವ ಹೊತ್ತಿಗೆ ಮಗಳು ತೆಳ್ಳಗಾಗತೊಡಗಿದಳು. ಹಳೆಯ ಫ್ರಾಕುಗಳು ಗಿಡ್ಡವಾದವೇ ಹೊರತು ಬಿಗಿಯಾಗಲಿಲ್ಲ. ಮಕ್ಕಳ ಡಾಕ್ಟರು ತೂಕ ನೋಡಿದರು, ಮತ್ತೊಮ್ಮೆ ಕರೆಸಿ ನೋಡಿದರು, ಕಡಿಮೆಯಾಗಿತ್ತು. ಊಟ ಹೇಗೆ ಎಂದು ಕೇಳಿದರೆ ನಾವೆಲ್ಲ ಒಂದೇ ಬಾಯಲ್ಲಿ, ತಟ್ಟೆ ಖಾಲಿ ಮಾಡುತ್ತಾಳೆ ಎಂದೆವು. ಅಷ್ಟು ತಿಂದೂ ಮೈ ಹಿಡಿಯುತ್ತಿಲ್ಲವೆಂದರೆ ಒಳಗೆ ಏನೋ ತೊಂದರೆ ಇರಬೇಕೆಂದು ಅವರು ರಕ್ತ ಪರೀಕ್ಷೆ ಬರೆದರು, ಆಮೇಲೆ ಇನ್ನೊಂದು ಪರೀಕ್ಷೆ. ಆ ಸಣ್ಣ ಕೈಯಲ್ಲಿ ನರ ಸಿಗದೆ ಎರಡೆರಡು ಸಲ ಚುಚ್ಚಿದರು. ನಾನು ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು ಅವರಿವರ ಮಕ್ಕಳ ಕೆನ್ನೆ ನೋಡುತ್ತ ಬರುತ್ತಿದ್ದೆ.

ವರದಿಗಳಲ್ಲಿ ಏನೂ ಸಿಗಲಿಲ್ಲ. ಒಂದು ಮಧ್ಯಾಹ್ನ ತಲೆನೋವೆಂದು ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ನನ್ನ ಹತ್ತಿರ ಬೀಗದ ಕೈ ಇತ್ತು, ಸದ್ದಾಗಲಿಲ್ಲ. ಮಾವ ಪೇಪರಿನ ಹಿಂದೆ ಇದ್ದರು. ಮೇಜಿನ ಆಚೆ ಮಗಳು ದೋಸೆಯ ಒಂದು ಚೂರನ್ನು ಎತ್ತಿ ಹಿಡಿದು, “ಘೇ” ಎಂದಳು. ತಗೋ ಎನ್ನಲು ಪಕ್ಕದ ಮನೆಯ ಮರಾಠಿ ಅಜ್ಜಿಯಿಂದ ಕಲಿತ ಮಾತು. ನಾಯಿ ಅದನ್ನು ಹಲ್ಲು ತಾಗಿಸದೆ, ತುಟಿಯಿಂದಲೇ ತೆಗೆದುಕೊಂಡಿತು. ಒಂದಿಷ್ಟೂ ಸದ್ದಿಲ್ಲ. ಹಿಂಬಾಗಿಲಲ್ಲಿ ಬೆಳೆದ ನಾಯಿಗೆ ಸದ್ದಿಲ್ಲದೆ ತಿನ್ನಲು ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ನೋಡಿದ್ದು ಅಷ್ಟೇ. ಇನ್ನೂ ಎರಡು ಗಳಿಗೆ ನಿಂತು ನೋಡಿದ್ದರೆ ಈ ಕತೆ ಬೇರೆಯೇ ಆಗುತ್ತಿತ್ತು. ಆದರೆ ನನ್ನ ಸಿಟ್ಟಿಗೆ ನಿಲ್ಲುವ ಅಭ್ಯಾಸವಿಲ್ಲ. ಇಷ್ಟು ದಿನದ ಹೆದರಿಕೆ, ಆ ಸೂಜಿಗಳು, ಹೊಟ್ಟೆಕಿಚ್ಚು ಎಲ್ಲ ಸೇರಿ ಒಂದೇ ಸಲ ಹೊರಬಿತ್ತು. ಮಗಳನ್ನು ಎಳೆದು ಎತ್ತಿಕೊಂಡೆ. ನಾಯಿ ಮೇಜಿನ ಅಡಿಗೆ ಸರಿಯಿತು. ಮಾವನವರ ಎದುರು ನಾನು ಎಂದೂ ದನಿ ಏರಿಸಿದವಳಲ್ಲ, ಅಂದು ಏರಿಸಿದೆ.

“ಈ ಮನ್ಯಾಗ ನಾಯಿ ಇರಬೇಕು, ಇಲ್ಲಾ ನನ್ನ ಕೂಸು ಇರಬೇಕು. ಯಾವ್ದು ಬೇಕು ಹೇಳ್ರಿ.”

ಮಾವ ಪೇಪರನ್ನು ಮಡಚಿದರು. ಅರ್ಧ ಖಾಲಿಯಾದ ತಟ್ಟೆಯನ್ನು ನೋಡಿದರು, ನಾಯಿಯನ್ನು ನೋಡಿದರು. ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಚ್ಚರಿಯೆಂದರೆ ನಾಯಿಯ ಪರ ವಹಿಸಿದ್ದು ಅತ್ತೆ. ಪಾಪ, ಅದು ಎಂಥ ಮಾಡಿದೆ, ಕೊಟ್ಟದ್ದನ್ನು ತಿಂದದ್ದು ಅಷ್ಟೆ ಎಂದು ಅವರು ಹೊಸಿಲಿನಿಂದಲೇ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ. ಮಾರನೆಯ ಬೆಳಿಗ್ಗೆ ಮಾವ ರಿಕ್ಷಾ ಕರೆಸಿ ನಾಯಿಯನ್ನು ಕಲ್ಯಾಣದ ಹೋಟೆಲಿಗೆ ಒಯ್ದರು. ಹಳೆಯ ಅಡುಗೆ ಭಟ್ಟರು ಇನ್ನೂ ಅಲ್ಲೇ ಇದ್ದರು, ನೋಡಿಕೊಳ್ಳುತ್ತೇನೆ ಎಂದರಂತೆ.

ಇನ್ನು ಮಗಳು ಮೈ ತುಂಬಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ತಿನ್ನುವುದನ್ನೇ ನಿಲ್ಲಿಸಿದಳು. ಮಣೆಯ ಮೇಲೆ ಕೂತು, ತಟ್ಟೆಯಿಂದ ಒಂದು ತುಂಡು ಎತ್ತಿ, ಪಕ್ಕದಲ್ಲಿ ಯಾರೂ ಇಲ್ಲದ್ದನ್ನು ನೋಡಿ ಮತ್ತೆ ತಟ್ಟೆಗೇ ಹಾಕುತ್ತಿದ್ದಳು. ಚಮಚದಲ್ಲಿ ಕೊಟ್ಟರೆ ತುಟಿ ಬಿಗಿಯುತ್ತಿದ್ದಳು. ಮೊಬೈಲ್ ತೋರಿಸಿದೆವು, ಬಾಲ್ಕನಿಯಲ್ಲಿ ನಿಲ್ಲಿಸಿ ರೈಲು ತೋರಿಸಿದೆವು, ಆಫೀಸಿಗೆ ರಜೆ ಹಾಕಿ ನಾನೇ ಕೂತು ತಿನ್ನಿಸಲು ನೋಡಿದೆ. ಹಾಲು ಬಿಟ್ಟರೆ ಬೇರೇನೂ ಒಳಗೆ ಹೋಗಲಿಲ್ಲ. ವಾರ ಕಳೆಯುವಷ್ಟರಲ್ಲಿ ತೂಕ ಮತ್ತೂ ಇಳಿಯಿತು. ಇನ್ನೆರಡು ದಿನ ನೋಡೋಣ, ಆಗದಿದ್ದರೆ ಆಸ್ಪತ್ರೆಗೆ ಸೇರಿಸಿಕೊಂಡು ಮೂಗಿನಿಂದ ನಳಿಕೆ ಹಾಕಬೇಕಾಗಬಹುದು ಎಂದರು ಡಾಕ್ಟರು.

ಆ ದಿನ ಅತ್ತೆ ನನ್ನನ್ನು ಅಡುಗೆಮನೆಯ ಒಳಗೆ ಕರೆದರು. ಒಲೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿದರು. ಅವರು ಜಪದ ನಡುವೆ ಕಣ್ಣು ತೆರೆದು ಮೊದಲೇ ನೋಡಿದ್ದರಂತೆ. ಕೂಸು ಒಂದು ತುಂಡು ನಾಯಿಗೆ ಕೊಡುತ್ತಿತ್ತು, ಅದು ತಿಂದದ್ದನ್ನು ನೋಡಿ ಇನ್ನೊಂದನ್ನು ತಾನು ತಿನ್ನುತ್ತಿತ್ತು. ನಾಯಿ ಬಾಯಿ ಅಲ್ಲಾಡಿಸದಿದ್ದರೆ ಕೂಸೂ ಅಲ್ಲಾಡಿಸುತ್ತಿರಲಿಲ್ಲ. ಕಡೆಗೆ ಉಳಿದದ್ದನ್ನು ನಾಯಿ ನೆಕ್ಕಿ ಮುಗಿಸುತ್ತಿತ್ತು. ಬಾಯಿ ಬಿಟ್ಟರೆ ಎಂಜಲು ಮೈಲಿಗೆ ಎಂದು ತಾನೇ ರಂಪ ಮಾಡಬೇಕಾಗುತ್ತದೆ, ಆಮೇಲೆ ನಾಯಿಯನ್ನು ಕಳಿಸಬೇಕಾಗುತ್ತದೆ ಎಂದು ಅವರು ಸುಮ್ಮನಿದ್ದರು. ನಾಯಿ ತಾಗಿದರೆ ಮತ್ತೆ ಸ್ನಾನ ಮಾಡುವ ನಮ್ಮ ಅತ್ತೆ!

“ಅರ್ಧವಾದರೂ ಹೊಟ್ಟೆಗೆ ಹೋಗ್ತಿತ್ತು ಮಗಾ. ಈಗ ಅದೂ ಇಲ್ಲ.”

ಮಾವ ತಟ್ಟೆಯನ್ನಷ್ಟೇ ನೋಡಿದ್ದರು, ನಾನು ನಾಯಿಯನ್ನಷ್ಟೇ ನೋಡಿದ್ದೆ. ಮಗಳ ಬಾಯಿಯನ್ನು ನೋಡಿದವರು ಅತ್ತೆಯೊಬ್ಬರೇ. ನನಗೆ ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುವಷ್ಟು ನಾಚಿಕೆಯಾಯಿತು. ಮಾರನೆಯ ದಿನ ಭಾನುವಾರ. ನಾನೇ ಮಾವನವರ ಹತ್ತಿರ ಹೋಗಿ, ನಾಯಿಯನ್ನು ಕರೆದುಕೊಂಡು ಬರೋಣ ಎಂದೆ. ಅವರು ಚಪ್ಪಲಿ ಹಾಕಿಕೊಳ್ಳಲು ಒಂದು ನಿಮಿಷವೂ ತಡ ಮಾಡಲಿಲ್ಲ.

ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಸಾಂಬಾರಿನ ಹಬೆ ತುಂಬಿತ್ತು. ನಾಯಿ ನಮ್ಮನ್ನು ದೂರದಿಂದಲೇ ಗುರುತಿಸಿತು. ಮಾವನವರ ಎದೆಯ ತನಕ ನೆಗೆದು, ಕುಂಯ್ಗುಟ್ಟಿ, ನನ್ನ ಕೈಯನ್ನೂ ನೆಕ್ಕಿತು. ನನ್ನ ಕೈಯನ್ನು ಅದು ನೆಕ್ಕಬಾರದಿತ್ತು. ಆದರೆ ಕೊರಳಿಗೆ ಪಟ್ಟಿ ಹಾಕಿ ಹೊರಟಾಗ ಕೂತುಬಿಟ್ಟಿತು. ನಾಲ್ಕು ಹೆಜ್ಜೆ ಎಳೆದರೆ ನಾಲ್ಕು ಹೆಜ್ಜೆ ಬಂತು, ಮತ್ತೆ ತಿರುಗಿ ಹಿಂಬಾಗಿಲ ಕಡೆ ನೋಡಿತು. ಅಲ್ಲಿ ಅದರ ಹಳೆಯ ಗೆಳೆಯನೊಬ್ಬ, ಒಂದು ಕುಂಟು ನಾಯಿ, ಕಾಯುತ್ತ ಮಲಗಿತ್ತು. ಹತ್ತು ದಿನಗಳಲ್ಲಿ ನಮ್ಮ ನಾಯಿ ಗುಂಡಗಾಗಿತ್ತು. ಇಲ್ಲಿಯೇ ಹಿಡಿಸಿಬಿಟ್ಟಿದೆ ಅದಕ್ಕೆ ಎಂದರು ಭಟ್ಟರು.

ನಾನು ಜೋರಾಗಿ ಎಳೆಯಿರಿ ಎಂದೆ. ರಿಕ್ಷಾದವನೂ ಕೈ ಹಾಕಲು ಬಂದ. ಮಾವ ಬಗ್ಗಿ, ಕಷ್ಟಪಟ್ಟು ಬಗ್ಗಿ, ಪಟ್ಟಿ ಬಿಚ್ಚಿದರು.

“ಕರಕೊಂಡು ಹೋದದ್ದೂ ನಾನೇ, ತಂದು ಬಿಟ್ಟದ್ದೂ ನಾನೇ. ಇನ್ನೊಮ್ಮೆ ಬಾ ಅಂತ ಯಾವ ಬಾಯಲ್ಲಿ ಹೇಳುದು?”

ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆಮೇಲೆ ಎಷ್ಟೋ ಭಾನುವಾರ ಮಗಳನ್ನು ಕರೆದುಕೊಂಡು ಆ ಗಲ್ಲಿಗೆ ಹೋಗಿದ್ದೇವೆ. ಅವಳ ದನಿ ಕೇಳಿದರೆ ಸಾಕು, ಅದು ಮುದಿಯಾದ ಮೇಲೂ ಎದ್ದು ಬರುತ್ತಿತ್ತು, ಅವಳ ಬಿಸ್ಕೆಟ್ ತಿಂದು, ನಮ್ಮನ್ನು ರಸ್ತೆಯ ತನಕ ಬಿಟ್ಟು ವಾಪಸಾಗುತ್ತಿತ್ತು. ಹೋದ ಮಳೆಗಾಲದಲ್ಲಿ ಅಲ್ಲೇ ತೀರಿಕೊಂಡಿತು. ಆದರೆ ಆ ಮೊದಲ ಭಾನುವಾರ ರಿಕ್ಷಾದಲ್ಲಿ ನಾವಿಬ್ಬರೂ ಖಾಲಿ ಪಟ್ಟಿಯನ್ನು ನಡುವೆ ಇಟ್ಟುಕೊಂಡು ಬಂದೆವು. ನಳಿಕೆಯ ವಿಷಯ ಬಿಟ್ಟರೆ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಮನೆಯಲ್ಲಿ ಅತ್ತೆ ನೀರುದೋಸೆ ಮಾಡಿ, ಚೂರು ಮಾಡಿ, ಮಗಳನ್ನು ಮಣೆಯ ಮೇಲೆ ಕೂರಿಸಿ ಕಾಯುತ್ತಿದ್ದರು. ನಮ್ಮ ಹಿಂದೆ ನಾಯಿ ಇಲ್ಲದ್ದನ್ನು ಕಂಡು ಅವರ ಮುಖ ಇಳಿಯಿತು. ಮಗಳು ಬಾಗಿಲನ್ನೇ ನೋಡುತ್ತಿದ್ದಳು. ಮಾವ ಕೈಕಾಲು ತೊಳೆದು ಬಂದರು. ಮೇಜಿನ ಅಂಚು ಹಿಡಿದು, ಒಂದು ಕೈ ಗೋಡೆಗೆ ಕೊಟ್ಟು, ಮೆಲ್ಲಗೆ ಕೆಳಗಿಳಿದರು. ಮೊಣಕಾಲು ಲಟಕ್ಕೆಂದಿತು. ಪೂಜೆಗೂ ಕುರ್ಚಿಯ ಮೇಲೆ ಕೂರುತ್ತಿದ್ದ ಮನುಷ್ಯ, ಎಷ್ಟೋ ಜನರಿಗೆ ನಿಂತು ಬಡಿಸಿದ ಮನುಷ್ಯ, ನಾಯಿ ಕೂರುತ್ತಿದ್ದ ಜಾಗದಲ್ಲಿ ಬರಿ ನೆಲದ ಮೇಲೆ ಕೂತು ಮೊಮ್ಮಗಳ ಎದುರು ಬಾಯಿ ತೆರೆದರು.

ಅವಳು ಬಹಳ ಹೊತ್ತು ನೋಡಿದಳು. ಅವರ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಿದಳು. ಆಮೇಲೆ ಒಂದು ಚೂರು ಎತ್ತಿ, “ಘೇ” ಎಂದಳು. ಮಾವ ಅದನ್ನು ತುಟಿಯಿಂದ ತೆಗೆದುಕೊಂಡು ಅಗಿದರು. ಅವರು ನುಂಗಿದ್ದನ್ನು ನೋಡಿ ಅವಳು ಇನ್ನೊಂದು ಚೂರು ಎತ್ತಿ ತನ್ನ ಬಾಯಿಗೆ ಹಾಕಿಕೊಂಡಳು. ಮತ್ತೆ ಅವರಿಗೆ, ಮತ್ತೆ ತನಗೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊಸಿಲಲ್ಲೇ ನಿಂತಿದ್ದರು. ತಟ್ಟೆಯಲ್ಲಿ ಇನ್ನು ಸ್ವಲ್ಪವೇ ಉಳಿದಾಗ ನನಗೆ ತಡೆಯಲಾಗಲಿಲ್ಲ. ಆ ಕೈಯಿಂದ ಒಂದು ತುತ್ತು ನನಗೂ ಬೇಕಿತ್ತು, ಎಷ್ಟೋ ದಿನದಿಂದ ಬೇಕಿತ್ತು. ಮಾವನವರ ಪಕ್ಕದಲ್ಲಿ ಕೂತು ನಾನೂ ಬಾಯಿ ತೆರೆದೆ.

ಮಗಳು ಕೊನೆಯ ಚೂರನ್ನು ಎತ್ತಿದಳು. ನನ್ನ ತುಟಿಯ ತನಕ ತಂದಳು. ಅಲ್ಲೇ ನಿಲ್ಲಿಸಿ, ನನ್ನನ್ನೊಮ್ಮೆ ಚೂರನ್ನೊಮ್ಮೆ ನೋಡಿ, ಕೈ ಹಿಂದೆ ಎಳೆದುಕೊಂಡು ಅದನ್ನು ತನ್ನ ಬಾಯಿಗೇ ಹಾಕಿಕೊಂಡಳು. ಅಗಿದಳು, ನುಂಗಿದಳು, ಇನ್ನೂ ಬೇಕೆಂದು ತಟ್ಟೆಯನ್ನು ಅಜ್ಜಿಯ ಕಡೆ ಎತ್ತಿ ಹಿಡಿದಳು. ನಾನು ತೆರೆದ ಬಾಯಿ ತೆರೆದ ಹಾಗೆಯೇ ಕೂತಿದ್ದೆ, ಕಣ್ಣಿಂದ ನೀರು ಸುರಿಯುತ್ತಿತ್ತು.