ಸೂರ್ಯಾಸ್ತ ಕಾಣುವ ಮೇಜು

ಮಗಳ ಮದುವೆ ಗೊತ್ತಾದ ಮೇಲೆ ಬೀಗರನ್ನು ಮೊದಲ ಊಟಕ್ಕೆ ಕರೆಯಬೇಕಿತ್ತು. ಮಿರಜದಲ್ಲಿ ನಮ್ಮ ಮನೆ ಇರುವುದು ಇಕ್ಕಟ್ಟಾದ ಗಲ್ಲಿಯಲ್ಲಿ. ಕಾರು ಬಾಗಿಲ ತನಕ ಬರುವುದಿಲ್ಲ. ಬೀಗರೋ ಸಮಡೋಳಿಯ ದೊಡ್ಡ ಒಕ್ಕಲುತನದವರು. ಅವರೆದುರು ಸಣ್ಣವನಾಗಬಾರದೆಂದು ಸಾಂಗಲಿ ರಸ್ತೆಯಲ್ಲಿ ಹೊಸದಾಗಿ ಎದ್ದಿರುವ ಭಾರಿ ಹೋಟೆಲಿನಲ್ಲೇ ಊಟ ಎಂದು ನಾನೇ ತೀರ್ಮಾನಿಸಿಬಿಟ್ಟೆ.

"ಮನ್ಯಾಗ ಮಾಡೂನ್ರಿ. ಬೀಗರಿಗೆ ಮೊದಲನೇ ಊಟ ಯಾರರೆ ಹೋಟೆಲ್‌ದಾಗ ಹಾಕ್ತಾರೇನು?" ಎಂದಳು ಹೆಂಡತಿ. ನಾನು ಕೇಳಲಿಲ್ಲ. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಕ್ಕ ಮಲ್ಲಿಗಿ ಹೂವು" ಎಂದು ಗೊಣಗುತ್ತಲೇ ಆಕೆ ರೊಟ್ಟಿ ಬಡಿದು, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಮಾಡಿ ಡಬ್ಬಿಗೆ ತುಂಬಿದಳು. ಇದೇಕೆ ಎಂದರೆ, "ಇರ್ಲಿ, ಅಜ್ಜಿ ಬರ್ತಾರ" ಎಂದಳು.

ಅಜ್ಜಿ ಅಂದರೆ ವರನ ಅಜ್ಜಿ. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬ ನೇಮ ಜೈನರಾದ ನಮ್ಮೆಲ್ಲರಿಗೂ ಇದೆ. ನನ್ನಂಥವರಿಗೆ ಅದು ಚಾತುರ್ಮಾಸದಲ್ಲಿ ಮಾತ್ರ ನೆನಪಾಗುತ್ತದೆ. ಅಜ್ಜಿ ಹಾಗಲ್ಲ. ಮುನಿಗಳ ಮುಂದೆ ಕೈ ಮುಗಿದು ನೇಮ ಹಿಡಿದವರು, ಕತ್ತಲಾದರೆ ನೀರು ಕೂಡ ಮುಟ್ಟರು. ಅದಕ್ಕೇ ನಾನು ಹೋಟೆಲಿನ ಮ್ಯಾನೇಜರನಿಗೆ ಫೋನಿನಲ್ಲಿ ಬಿಡಿಸಿ ಹೇಳಿದ್ದೆ: ಐದಕ್ಕೆ ಬರುತ್ತೇವೆ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗಡ್ಡೆ ಏನೂ ಬೇಡ, ಬೆಳಕಿರುವಾಗಲೇ ಊಟ ಮುಗಿಯಬೇಕು. "ಕಾಳಜೀ ಕರೂ ನಕಾ, ಸರ್" ಎಂದು ಆತ ಅಭಯ ಕೊಟ್ಟಿದ್ದ.

ಚಳಿಗಾಲದ ಗಿಡ್ಡ ಹಗಲು. ಹೇಳಿದ ಹೊತ್ತಿಗೇ ಹೋದೆವು. ಮೇಲಿನ ಮಹಡಿಯಲ್ಲಿ ಪಡುವಣ ಕಡೆಗೆ ಗೋಡೆಯೇ ಇಲ್ಲ, ಪೂರಾ ಗಾಜು. ಸೂರ್ಯಾಸ್ತ ಚೆನ್ನಾಗಿ ಕಾಣುವ ಮೇಜನ್ನು ನಮಗಾಗಿಯೇ ಇಟ್ಟಿದ್ದೇನೆಂದು ಮ್ಯಾನೇಜರ್ ಕುರ್ಚಿ ಎಳೆದು ಕೊಟ್ಟ. ನನಗೆ ಎದೆ ಉಬ್ಬಿತು. ಅಜ್ಜಿ, ಅವರ ಮಗ, ಸೊಸೆ, ನಾವಿಬ್ಬರು ಕೂತೆವು.

ಟೈ ಕಟ್ಟಿದ ಒಬ್ಬ ಬಂದು ಏನು ಬೇಕೆಂದು ಬರೆದುಕೊಂಡು ಹೋದ. ಬಹಳ ಹೊತ್ತಾದ ಮೇಲೆ ಇನ್ನೊಬ್ಬ ಬಂದು ಅದನ್ನೇ ಕೇಳಿದ. ನಾನು ಮತ್ತೆ ಹೇಳಿದೆ. ಅವನೂ ಹೋದ. ಬೀಗರು ಕಬ್ಬಿನ ಮಾತು, ಕಾರ್ಖಾನೆಯ ಮಾತು ಎಲ್ಲ ಆಡಿ ಮುಗಿಸಿದರು. ಬಸ್ಸಿಗೆ ಕಾಯುವವರು ರಸ್ತೆ ನೋಡುವಂತೆ ಅಜ್ಜಿ ಸೂರ್ಯನನ್ನೇ ನೋಡುತ್ತ ಕೂತಿದ್ದರು. ನಾನು ಎದ್ದು ಹೋಗಿ ವಿಚಾರಿಸಿದರೆ, ಸಂಜೆಯ ಅಡುಗೆಯವರು ಈಗಷ್ಟೇ ಬಂದಿದ್ದಾರೆ, ಆಯಿತು ಸರ್, ಐದೇ ಮಿನಿಟು ಎಂದು ಮ್ಯಾನೇಜರ್ ನಕ್ಕ. ಸಾಂಗಲಿಯ ಮನೆಗಳ ಮೇಲೆ ಬಿಸಿಲು ಕೆಂಪಾಗುತ್ತಿತ್ತು.

ಹೆಂಡತಿ ತಡೆಯಲಾರದೆ ಚೀಲದಿಂದ ಡಬ್ಬಿ ತೆಗೆದಳು. ಮುಚ್ಚಳ ತೆರೆದಾಗ ಹಿಂಡಿಯ ವಾಸನೆ ಹರಡಿತು. ಅಷ್ಟು ಹೊತ್ತು ಕೈಗೆ ಸಿಗದಿದ್ದ ಟೈಯವನು ಎಲ್ಲಿಂದಲೋ ಓಡಿ ಬಂದ. "ಬಾಹೇರಚಂ ಚಾಲತ್ ನಾಹೀ, ಮ್ಯಾಡಮ್." ಹೊರಗಿನ ಊಟ ಅಲ್ಲಿ ನಡೆಯುವುದಿಲ್ಲವಂತೆ. ಪಕ್ಕದ ಮೇಜಿನವರು ಫೋನು ಕೆಳಗಿಟ್ಟು ನಮ್ಮ ರೊಟ್ಟಿಯನ್ನು ನೋಡಿದರು.

ನಿಮ್ಮ ಊಟ ಬಾರದ್ದಕ್ಕೇ ನಮ್ಮ ಊಟ ತೆಗೆದದ್ದು ಎಂದು ನಾನು ಅನ್ನಬೇಕಿತ್ತು. ಅದು ಬಿಟ್ಟು ಹೆಂಡತಿಯತ್ತ ತಿರುಗಿ, "ಮುಚ್ಚ ಅದನ್ನ. ಮಂದಿ ನೋಡಾಕತ್ತಾರ" ಎಂದೆ. ಆಕೆ ಮುಚ್ಚಿದಳು. ಅಜ್ಜಿ ಆಗಲೇ ಕೈ ತೊಳೆದು ಬಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು.

"ಇರ್ಲಿ ಬಿಡ್ರಿ ಬೀಗರ. ನನಗೇನ್ ಹಸಿವಿಲ್ಲ" ಎಂದರು. ಮುಂದಿದ್ದ ಗ್ಲಾಸಿನ ನೀರು ಕುಡಿದು, ಕಣ್ಣು ಮುಚ್ಚಿ ತುಟಿ ಅಲುಗಿಸಿ ಬೆಳಗಿನ ತನಕದ ನೇಮ ಹಿಡಿದು, ಗ್ಲಾಸನ್ನು ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿದರು. ಸ್ವಲ್ಪ ಹೊತ್ತಿಗೆ ಸುತ್ತಲಿನ ಮೇಜುಗಳಲ್ಲಿ ಚಪ್ಪಾಳೆಯಾಯಿತು, ಫೋನುಗಳು ಮೇಲೆದ್ದವು. ಸೂರ್ಯ ಮುಳುಗಿದ್ದ.

ಆಮೇಲೆ ಊಟ ಬಂತು. ಎಲ್ಲ ಒಟ್ಟಿಗೆ, ಹಬೆಯಾಡುತ್ತ. ಅಜ್ಜಿಯ ಮುಂದೂ ಒಂದು ತಟ್ಟೆ ಇಟ್ಟು ಬಡಿಸಿದರು. ಬೇಡವೆಂದರೂ ಬಡಿಸುವವನಿಗೆ ತಿಳಿಯಲಿಲ್ಲ. ತುಂಬಿದ ತಟ್ಟೆಯ ಮುಂದೆ ಆ ಮುದುಕಿ ಕೈ ಕಟ್ಟಿ ಕೂತು, "ನೀವು ಉಣ್ಣ್ರಿ, ಆರತೈತಿ" ಎಂದು ನಮಗೇ ಉಪಚಾರ ಹೇಳಿದರು. ಆತಿಥೇಯ ನಾನೋ, ಅವರೋ? ಹೋಗುವಾಗ ಆ ಮ್ಯಾನೇಜರನ ನೀರಿಳಿಸಿಯೇ ಹೋಗುವುದೆಂದು ಊಟದುದ್ದಕ್ಕೂ ಮನಸ್ಸಿನಲ್ಲಿ ಮಾತು ಮಸೆಯುತ್ತಿದ್ದೆ. ಮರಾಠಿಯಲ್ಲಿ ನನಗೆ ಬೈಗುಳಕ್ಕೇನೂ ಬರವಿಲ್ಲ.

ಬಾಗಿಲಲ್ಲಿ ಆತನೇ ನಿಂತಿದ್ದ. ಎಲ್ಲರಿಗೂ ಬಾಗಿ ನಮಸ್ಕರಿಸಿ, ಹೇಗಿತ್ತು ಸರ್ ಎಂದು ಕೇಳಿದ.

"ಖೂಪ್ ಛಾನ್" ಎಂದೆ. ಬಹಳ ಚೆನ್ನಾಗಿತ್ತು ಅಂತ! ನನ್ನ ಬಾಯಿಯೇ ಅಂದದ್ದು. ಮೇಲಿಂದ ನಕ್ಕೆ ಕೂಡ. ಹೆಂಡತಿ ನನ್ನ ಮುಖ ನೋಡಿದಳು. ಅಜ್ಜಿ ನೋಡಲಿಲ್ಲ, ಮೆಟ್ಟಿಲು ನೋಡಿಕೊಂಡು ಇಳಿದರು.

ಕೆಳಗೆ ತಮ್ಮ ಕಾರಿನಲ್ಲಿ ಕೂತ ಮೇಲೆ ಅಜ್ಜಿ ಕಿಟಕಿಯಿಂದ ಕೈ ಚಾಚಿದರು. "ಆ ಡಬ್ಬಿ ಕೊಡವ್ವಾ."

"ಅವ್ವಾ, ಮುಂಜಾನೆ ಮನ್ಯಾಗ ಬಿಸಿದು ಮಾಡ್ತಾರಲ್ಲ" ಎಂದರು ಮಗ.

"ಬೀಗರ ಮನೀ ಮೊದಲನೇ ಊಟೋ. ಬಿಡಾಕ ಬರತೈತೇನು? ಹೊತ್ತು ಹುಟ್ಟಲಿ, ಉಣ್ಣತೀನಿ."

ಹೆಂಡತಿ ಕೊಟ್ಟಳು. ಅಜ್ಜಿ ಅದನ್ನು ಮಡಿಲಲ್ಲಿಟ್ಟು, ಮುಚ್ಚಳ ಗಟ್ಟಿಯಾಗಿದೆಯೋ ಎಂದು ಒತ್ತಿ ನೋಡಿದರು. ಆಮೇಲೆ ನನ್ನತ್ತ ತಿರುಗಿ, ಸಿಟ್ಟಿಲ್ಲದೆ, ಮೆಲ್ಲಗೆ ಅಂದರು: "ಮದವಿ ಊಟಕ್ಕ ಹಿಂಗ ಮುಚ್ಚಸಬ್ಯಾಡ್ರಿ ಮತ್ತ."