ಒಳಗೂ ಸದ್ದು ಕಮ್ಮಿ

ಸೊಸೆ ಈ ಮನೆಗೆ ಕಾಲಿಟ್ಟಾಗ ಅವಳ ಮಾತು ಕೇಳಬೇಕಾದರೆ ಅವಳ ಬಾಯಿಯ ಹತ್ತಿರ ಕಿವಿ ಒಯ್ಯಬೇಕಿತ್ತು. ಬೀದಿಯವರು ಅವಳಿಗೆ ಮೆಲ್ಲಕ್ಕ ಎಂದೇ ಹೆಸರಿಟ್ಟರು. ಅತ್ತೆಗೂ ಆ ಮೆಲುದನಿ ರೂಢಿಯಾಗಿ, ಒಲೆಯ ಮುಂದೆ ಇಬ್ಬರೂ ಗುಟ್ಟು ಹಂಚಿಕೊಳ್ಳುವವರ ಹಾಗೆ ಮಾತಾಡುತ್ತಿದ್ದರು. ಮಗ ಲಾರಿ ಹತ್ತಿದನೆಂದರೆ ವಾರಗಟ್ಟಲೆ ಪತ್ತೆಯಿಲ್ಲ. ಮನೆಯಲ್ಲಿ ಉಳಿಯುವುದು ಇವೆರಡೇ ಜೀವ.

ಸೊಸೆ ದುಡಿಯುತ್ತಿದ್ದದ್ದು ಬೀದಿಯ ಕೊನೆಯಲ್ಲಿದ್ದ ಮಗ್ಗದ ಶೆಡ್ಡಿನಲ್ಲಿ. ಅತ್ತೆ ಕೈಮಗ್ಗದ ಕಾಲದವಳು, ನೂಲು ಸುತ್ತಿ ಸುತ್ತಿ ಬೆರಳು ಸವೆಸಿದವಳು. ಇವು ಕರೆಂಟಿನ ಮಗ್ಗ. ಲಾಳಿ ಅತ್ತಿಂದಿತ್ತ ಬಡಿಯುವ ರಭಸಕ್ಕೆ ಎದುರು ಮನೆಯ ತಟ್ಟೆ ಲೋಟಗಳೆಲ್ಲ ಗಲಗಲ ಅನ್ನುತ್ತಿದ್ದವು. ಆ ಮನೆಯ ನಿವೃತ್ತ ಮೇಷ್ಟ್ರು ಬೀದಿಯವರನ್ನು ಕೂಡಿಸಿಕೊಂಡು ಶೆಡ್ಡಿನ ಸಾಹುಕಾರನ ಮೇಲೆ ದೂರು ಕೊಟ್ಟರು. ಸಾಹುಕಾರ ಕಿಟಕಿಗಳಿಗೆ ಇಟ್ಟಿಗೆ ತುಂಬಿಸಿದ, ಗೋಡೆಯ ಬೆನ್ನಿಗೆ ಇನ್ನೊಂದು ಗೋಡೆ ಎಬ್ಬಿಸಿದ, ದಪ್ಪನೆಯ ಬಾಗಿಲು ಕೂರಿಸಿದ.

ಬೀದಿಗೆ ಬೀದಿಯೇ ಹಿಗ್ಗಿಹೋಯಿತು. ಮೇಷ್ಟ್ರು ಮಧ್ಯಾಹ್ನ ಗೊರಕೆ ಹೊಡೆದರು. ದರ್ಜಿಗೆ ತನ್ನ ರೇಡಿಯೋ ಕೇಳಿಸಿತು. ಸದ್ದು ಅಳೆಯುವ ಯಂತ್ರ ಹಿಡಿದು ಬಂದ ಅಧಿಕಾರಿ ನಡುಬೀದಿಯಲ್ಲಿ ನಿಂತು, ತಲೆಯಾಡಿಸಿ, "ಸದ್ದು ಅಡಗ್ತು ಬಿಡ್ರೀ" ಎಂದ.

"ಒಳಗಿದ್ದವರಿಗೆ ಹೆಂಗೋ?" ಎಂದು ಅತ್ತೆ ಸಾಹುಕಾರನನ್ನು ಕೇಳಿದಳು.

"ಅವರು ನೇಯೋಕೆ ಬರ್ತಾರಜ್ಜಿ, ನಿದ್ದೆ ಹೊಡಿಯೋಕಲ್ಲ!"

ಗೋಡೆ ಎದ್ದ ಮೊದಮೊದಲು ಸೊಸೆ ಕೆಲಸದಿಂದ ಬಂದವಳೇ ಕಿವಿ ಒತ್ತಿಕೊಂಡು ಮಲಗಿಬಿಡುತ್ತಿದ್ದಳು. "ತಲೆಯೊಳಗೆ ಜೀರುಂಡೆ ಹೊಕ್ಕ ಹಂಗಿದೆ ಅತ್ತೆ" ಎನ್ನುತ್ತಿದ್ದಳು. ಆಮೇಲೊಂದು ಸಂಜೆ ನಗುನಗುತ್ತಾ ಬಂದಳು.

"ಗೋಡೆ ಒಳ್ಳೇದೇ ಮಾಡ್ತು ಅತ್ತೆ. ಈಗ ಒಳಗೂ ಸದ್ದು ಕಮ್ಮಿ!"

ಅತ್ತೆಗೆ ಹೋದ ಜೀವ ಬಂದಂತಾಯಿತು. ಆದರೆ ದಿನ ಕಳೆದಂತೆ ಮೆಲ್ಲಕ್ಕನ ದನಿ ಏರತೊಡಗಿತು. ನಲ್ಲಿಯ ಹತ್ತಿರ ಹೆಂಗಸರು, "ಏನೇ ಮೆಲ್ಲಕ್ಕ, ಮೈಕು ನುಂಗಿದ್ದೀಯೇನೇ?" ಎಂದು ಛೇಡಿಸಿದರು. ಅವರು ನಕ್ಕದ್ದು ನೋಡಿ ಅವಳೂ ನಕ್ಕಳು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅತ್ತೆ, "ಉಪ್ಪು ಕೊಡೇ" ಎಂದಳು.

"ಸೊಪ್ಪು ನಾಳೆ ತರ್ತೀನಿ ಅತ್ತೆ!" ಎಂದು ಸೊಸೆ ಮನೆ ಹಾರಿಹೋಗುವ ಹಾಗೆ ಕೂಗಿದಳು.

ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು ಸೊಸೆಯ ಮುಖವನ್ನೇ ನೋಡಿದಳು.

ಬೆಳಗಾದ ಮೇಲೆ ಅವಳು ನೆಟ್ಟಗೆ ಶೆಡ್ಡಿಗೇ ಹೋಗಿ, ಆ ಬಾಗಿಲನ್ನು ಭುಜ ಕೊಟ್ಟು ತಳ್ಳಿದಳು. ಸದ್ದು ಮುಖಕ್ಕೆ ಬಡಿಯಿತು. ಹಲ್ಲು ಕಟಕಟ ಅಂದವು, ಹೊಟ್ಟೆಯೊಳಗಿನದೆಲ್ಲ ನಡುಗಿತು. ನೂಲಿನ ಧೂಳು ಮಂಜಿನ ಹಾಗೆ ನಿಂತಿತ್ತು. ಆ ಮಂಜಿನಾಚೆ ಸೊಸೆ, ಮರದ ನೆರಳಲ್ಲಿ ಕೂತವಳಷ್ಟು ಹಾಯಾಗಿ, ಹರಿದ ಎಳೆ ಗಂಟುಹಾಕುತ್ತಿದ್ದಳು. ಸದ್ದು ಎಲ್ಲಿಯೂ ಕಮ್ಮಿಯಾಗಿರಲಿಲ್ಲ. ಕಮ್ಮಿಯಾದದ್ದು ಇವಳ ಕಿವಿ.

ತೆರೆದ ಬಾಗಿಲಿನಿಂದ ಗದ್ದಲ ಬೀದಿಗೆ ನುಗ್ಗಿತು. ಮೇಷ್ಟ್ರು ಕಿವಿ ಮುಚ್ಚಿಕೊಂಡೇ ಜಗಲಿಗೆ ಬಂದು, "ಅಜ್ಜೀ, ಬಾಗಿಲು! ಬಾಗಿಲು ಹಾಕಮ್ಮಾ!" ಎಂದು ಅರಚಿದರು. ಸಾಹುಕಾರ ಓಡಿಬಂದ.

ಅತ್ತೆ ಹಿಂದಿರುಗಿ ನೋಡದೆ ಒಳಹೊಕ್ಕು ಸೊಸೆಯ ಹೆಗಲು ಹಿಡಿದಳು.

"ಬಾ ಮನೆಗೆ. ಈ ಕೆಲಸ ಬೇಡ ನಿಂಗೆ."

ಸೊಸೆ ಅತ್ತೆಯ ತುಟಿಯನ್ನೇ ನೋಡಿದಳು. ಮುಖ ಅರಳಿತು.

"ಊಟಕ್ಕಿನ್ನೂ ಹೊತ್ತಿದೆ ಅತ್ತೆ, ನೀವು ಮಾಡಿ!"

ಬೆನ್ನ ಹಿಂದೆ ಯಾರೋ ಬಾಗಿಲು ಎಳೆದರು. ನೆಲದ ಮೇಲೆ ಬಿದ್ದಿದ್ದ ಬೆಳಕು ಸಣ್ಣಗಾಗುತ್ತಾ ಗೆರೆಯಾಗಿ, ಅದೂ ಹೋಯಿತು. ಅತ್ತೆ ಸೊಸೆಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಇನ್ನೊಮ್ಮೆ, ಗಂಟಲು ಹರಿಯುವ ಹಾಗೆ, ಬಾ ಎಂದಳು. ತನ್ನ ದನಿ ಈ ಸಲ ತನಗೇ ಕೇಳಿಸಲಿಲ್ಲ.