ಬುಕ್ತುರ್ ಹೇಳಿದ ಕರಿ ಚಿಪ್‌ಗಳು

ಮುಕತ್ತಮ್ ಗುಡ್ಡದ ಬುಡದಲ್ಲಿ, ಕೈರೋದ ಕಸ ಬಂದು ಬೀಳುವ ಓಣಿಗಳಲ್ಲೊಂದರಲ್ಲಿ, ವಿಸ್ಸಾ ಹಳೆಯ ಕಂಪ್ಯೂಟರ್ ಚಿಪ್‌ಗಳನ್ನು ಆರಿಸಿ ದರ್ಜೆವಾರು ಬೇರ್ಪಡಿಸುತ್ತಿದ್ದ. ಎದುರಿನ ಮಣೆ ಖಾಲಿಯಾಗಿತ್ತು. ಅಲ್ಲಿ ಕೂರುತ್ತಿದ್ದ ಬುಕ್ತುರ್, ಚಳಿಗಾಲದಲ್ಲಿ ಅಲೆಕ್ಸಾಂಡ್ರಿಯಾದ ಮಗಳ ಮನೆಗೆ ಹೋದವನು ಅಲ್ಲೇ ಉಳಿದುಬಿಟ್ಟಿದ್ದ.

ನೆತ್ತಿಯ ಮೇಲೆ ಚಿನ್ನದ ಮುಚ್ಚಳವಿರುವ ನೇರಳೆ ಪಿಂಗಾಣಿಯವು ಮೇಲಿನ ದರ್ಜೆ. ಪ್ಲಾಸ್ಟಿಕ್ಕಿನವು ಕೆಳಗಿನದು. ಇಷ್ಟನ್ನು ಯಾರಾದರೂ ಕಲಿತಾರು. ತಲೆನೋವೆಲ್ಲ ಕರಿ ಪಿಂಗಾಣಿಯದು. ಎರಡು ಬಿಲ್ಲೆಗಳನ್ನು ಬೂದು ಗಾಜಿನಿಂದ ಬೆಸೆದಿರುತ್ತಾರೆ. ನಡುವೆ ಚಿನ್ನದ ಹಾಸು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಒಡೆದರೆ ತಿಳಿಯುತ್ತದೆ. ಆದರೆ ಆ ಓಣಿಯಲ್ಲಿ ಒಡೆಯುವ ಹಕ್ಕು ಕೊಳ್ಳುವವನದು. ಆರಿಸುವವನು ಒಡೆದು ನೋಡಿದರೆ ಅವನ ಮಾತಿಗೆ ಬೆಲೆಯಿಲ್ಲ.

ಹಿಂದೆಲ್ಲ ವಿಸ್ಸಾ ಅನುಮಾನದ ಚಿಪ್ಪನ್ನು ಬುಕ್ತುರನ ಮಡಿಲಿಗೆ ಎಸೆಯುತ್ತಿದ್ದ. ಬುಕ್ತುರ್ ಅದರ ಮೇಲೆ ಅಚ್ಚಾದ ವರ್ಷ ನೋಡಿ ತೀರ್ಪು ಕೊಡುತ್ತಿದ್ದ. "ಕಣ್ಣಿಗೆ ಕಾಕಂಬಿ ಸವರ್ಕೊಂಡ್ ಬಂದಿದೀಯೇನೋ? ಇದು ನಿಮ್ಮತ್ತೆ ಮನೆ ಪೆಟ್ಟಿಗೆ ಕಣೋ, ಒಳಗೇನೂ ಇಲ್ಲ." ಬಹಳ ಸಲ ವಿಸ್ಸಾನಿಗೆ ಅನುಮಾನವೇ ಇರುತ್ತಿರಲಿಲ್ಲ. ಬೈಸಿಕೊಳ್ಳಲೆಂದೇ ಎಸೆಯುತ್ತಿದ್ದ.

ಈಸ್ಟರ್ ಹಬ್ಬಕ್ಕೆ ಮುಂಚಿನ ದೊಡ್ಡ ಉಪವಾಸದ ದಿನಗಳಲ್ಲಿ ಒಂದು ಚೀಲ ಬರೀ ಕರಿ ಚಿಪ್‌ಗಳೇ ಬಂದವು. ಗುಜರಿಯ ಒಡತಿ ಇನ್ಸಾಫ್ ಬಾಗಿಲಲ್ಲಿ ನಿಂತಳು.

"ನಾಳೆ ಕೊಳ್ಳೋನು ಬರ್ತಾನೆ ವಿಸ್ಸಾ. ನೀವಿಬ್ರು ಇದ್ದಾಗ ನಾನು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ. ಈಗ ತಪ್ಪಾಯ್ತೋ, ಈ ಮಣೆ ಮೇಲೆ ಬೇರೆಯವ್ರು ಕೂರ್ತಾರೆ."

"ಆಗಲಿ ಅಮ್ಮಾವ್ರೆ."

ಅಚ್ಚಾದ ವರ್ಷ ಎಂಬತ್ತೊಂಬತ್ತು. ಚಿನ್ನ ಹಾಕುವುದನ್ನು ಎಲ್ಲರೂ ಬಿಟ್ಟಿದ್ದ ಕಾಲ. ಒಳಗೆ ಏನೂ ಇಲ್ಲವೆಂದು ವಿಸ್ಸಾನಿಗೆ ಖಚಿತವಾಗಿತ್ತು. ಆದರೂ ಬುಕ್ತುರನಿಗೆ ಫೋನ್ ಮಾಡಿದ.

"ಎಂಬತ್ತೊಂಬತ್ತಾ? ಮೇಲಿನ ದರ್ಜೆಗೆ ಹಾಕು," ಅಂದ ಬುಕ್ತುರ್. "ಆಗ ಎಲ್ಲಾ ಧಾರಾಳವಾಗಿ ಚಿನ್ನ ಹಾಕ್ತಿದ್ರು."

"ಆ ವರ್ಷದ್ದು ಮುಟ್ಬೇಡ ಅಂತ ನೀನೇ ಅಂತಿದ್ದೆಯಲ್ಲೋ."

"ನಾನಾ? ಯಾವಾಗ? ಉಪವಾಸದ ಸಪ್ಪೆ ಊಟ ಮಾಡಿ ತಲೆ ತಿರುಗ್ತಿರ್ಬೇಕು ನಿಂಗೆ." ನಕ್ಕ. ಆಮೇಲೆ ದನಿ ತಗ್ಗಿತು. "ಇಲ್ಲಿ ನನ್ನನ್ನ ಯಾರೂ ಏನೂ ಕೇಳಲ್ಲ ಕಣೋ. ಚಹಾ ಬೇಕಾ ಅಂತಾರೆ, ಅಷ್ಟೇ. ನೀನಾದ್ರೂ ಕೇಳಿದ್ಯಲ್ಲ."

ವಿಸ್ಸಾ ಫೋನ್ ಇಟ್ಟ. ಕೇಳಿ ಪಡೆದ ತೀರ್ಪನ್ನು ಮೀರಲು ಅವನಿಗೆ ಮನಸ್ಸಾಗಲಿಲ್ಲ. ಇಡೀ ಚೀಲವನ್ನು ಮೇಲಿನ ದರ್ಜೆಗೆ ಸುರಿದ.

ಮರುದಿನ ಕೊಳ್ಳುವವನು ಒಂದನ್ನು ಎತ್ತಿ ಸುತ್ತಿಗೆಯಿಂದ ತಟ್ಟಿದ. ಒಳಗೆ ಬೂದು ಬಣ್ಣ ಬಿಟ್ಟರೆ ಏನೂ ಇರಲಿಲ್ಲ. ಇನ್ನೆರಡನ್ನು ಒಡೆದ; ಅವೂ ಹಾಗೇ. ಏನನ್ನೂ ಕೊಳ್ಳದೆ ಕೈ ಒರೆಸಿಕೊಂಡು ಎದ್ದು ಹೋದ.

"ಯಾರು ಹೇಳಿದ್ದು ನಿಂಗೆ?" ಇನ್ಸಾಫ್ ಕೇಳಿದಳು.

"ಯಾರೂ ಇಲ್ಲ. ನಾನೇ."

"ನಿನ್ನೆ ಬುಕ್ತುರ್ ಜೊತೆ ಮಾತಾಡ್ತಿದ್ದೆ."

"ಹಬ್ಬಕ್ಕೆ ಬರ್ತೀಯಾ ಅಂತ ಕೇಳ್ದೆ ಅಮ್ಮಾವ್ರೆ."

ಅವಳು ಅವನ ಮುಖ ನೋಡಿದಳು. ಆಮೇಲೆ ಹಿತ್ತಲ ಕಡೆ ಕೈ ತೋರಿಸಿದಳು. ಇನ್ನು ಅವನದು ಅಲ್ಲಿ ತಂತಿಯ ಸಿಪ್ಪೆ ಸುಲಿದು ತಾಮ್ರ ತೆಗೆಯುವ ಕೆಲಸ. ಒಬ್ಬನೇ ಮಾಡುವಂಥದ್ದು.

ಸಂಜೆ ಬುಕ್ತುರನೇ ಫೋನ್ ಮಾಡಿದ. "ಒಡೆದ್ರಾ?"

"ಒಡೆದ್ರು."

"ಹಳದಿ ಬಂತಾ?"

"ಬಂತು."

"ನೋಡ್ದ್ಯಾ. ನಾನಿಲ್ದೆ ಇದ್ರೆ ನೀನು ಅದನ್ನ ತಿಪ್ಪೆಗೆ ಹಾಕ್ತಿದ್ದೆ. ಇನ್ಮೇಲೂ ಕೇಳು, ನಾಚ್ಕೋಬೇಡ."

ಅಂದಿನಿಂದ ವಿಸ್ಸಾ ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ಫೋನ್ ಮಾಡುತ್ತಾನೆ. ಕೈಯಲ್ಲಿ ಇಲ್ಲದ ಚಿಪ್ಪೊಂದರ ಬಣ್ಣ ಹೇಳುತ್ತಾನೆ, ಅದರ ಲೋಹದ ಕಾಲುಗಳು ಹೇಗಿವೆಯೆಂದು ಹೇಳುತ್ತಾನೆ, ವರ್ಷವೊಂದನ್ನು ಕಟ್ಟಿ ಹೇಳುತ್ತಾನೆ. ಆ ಕಡೆಯಿಂದ ಬೈಗುಳ ಬರುವತನಕ ಕಾಯುತ್ತಾನೆ.